ಒಣನಾಡಿನ ಹೊಳೆಗಳು: ಸಿರುಗುಪ್ಪ ಸೀಮೆಯ ಹಗರಿ ಮತ್ತು ತುಂಗಭದ್ರೆ

ಒಣನಾಡಿನ ಹೊಳೆಗಳೆಂದರೆ, ಮುಗಿಲಿನಿಂದ ಬೀಳುವ ನೀರಿಗಿಂತ ಬಿಸಿಲು ಮತ್ತು ಗಾಳಿ ಹೀರಿಕೊಳ್ಳಬಲ್ಲ ನೀರಿನ ಪ್ರಮಾಣವೇ ಹಲವು ಪಟ್ಟು ಹೆಚ್ಚಾಗಿರುವ ಪ್ರದೇಶಗಳ ಜಲಮಾರ್ಗಗಳು. ಇವು ವರ್ಷದ ಬಹುಭಾಗ ಉಸುಕು ತುಂಬಿದ ಅಗಲವಾದ ಪಾತ್ರಗಳಾಗಿ ಬಿದ್ದಿದ್ದು, ಕೆಲವು ದಿನ, ಎಷ್ಟೋ ವೇಳೆ ಕೆಲವೇ ಗಂಟೆ ಹರಿದು ಮತ್ತೆ ಒಣಗುತ್ತವೆ. ಸಹಾರಾ, ನಮೀಬ್, ಥಾರ್ ಮರುಭೂಮಿಗಳಲ್ಲಿ ಈ ನಡವಳಿಕೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದಾದರೂ ಅದು ಮರುಭೂಮಿಗಷ್ಟೇ ಸೀಮಿತವಾದುದಲ್ಲ. ಭೂಮಿಯ ನೆಲಭಾಗದ ಸುಮಾರು ಶೇ. 41ರಷ್ಟನ್ನು ಆವರಿಸಿರುವ ಒಣಪ್ರದೇಶಗಳಲ್ಲೆಲ್ಲ ಅವೇ ನಿಯಮಗಳು ಹೆಚ್ಚುಕಡಿಮೆಯಾಗಿ ಕೆಲಸ ಮಾಡುತ್ತವೆ. ವಾರ್ಷಿಕ ಮಳೆಯನ್ನು, ನೀರು ಸದಾ ಲಭ್ಯವಿದ್ದರೆ ನೆಲ ಮತ್ತು ಸಸ್ಯಗಳಿಂದ ಆವಿಯಾಗಿ ಹೋಗಬಹುದಾದ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಶುಷ್ಕತೆಯ ಸೂಚ್ಯಂಕವೆನ್ನುತ್ತಾರೆ. ಇದು 0.05ಕ್ಕಿಂತ ಕಡಿಮೆಯಿದ್ದರೆ ಅತಿಶುಷ್ಕ, 0.05ರಿಂದ 0.2ರವರೆಗೆ ಶುಷ್ಕ, 0.2ರಿಂದ 0.5ರವರೆಗೆ ಅರೆಶುಷ್ಕ ಎಂದು ವಿಂಗಡಣೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಪಡೆದು ಅದರ ಮೂರು ಪಟ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳಬಲ್ಲ ಬಳ್ಳಾರಿಯ ಬಯಲು ಈ ಲೆಕ್ಕದಲ್ಲಿ ಅರೆಶುಷ್ಕವೇ ಹೊರತು ಮರುಭೂಮಿಯಲ್ಲ. ಆದರೂ ಮರುಭೂಮಿಯ ಹೊಳೆಗಳ ಸ್ವಭಾವವನ್ನು ಕನ್ನಡನಾಡಿನೊಳಗೇ ಅಭ್ಯಾಸ ಮಾಡಬೇಕೆಂದರೆ ಇದಕ್ಕಿಂತ ತಕ್ಕ ಸ್ಥಳ ಬೇರೆ ಸಿಗುವುದು ಕಷ್ಟ.

ಅದಕ್ಕೆ ಕಾರಣ ಈ ಬಯಲಿನಲ್ಲಿರುವ ಸಿರುಗುಪ್ಪ ಸೀಮೆಯ ಭೌಗೋಳಿಕ ನೆಲೆ. ಈ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಡದಲ್ಲಿರುವ ಹಳೆಯ ಊರು. ಇಲ್ಲಿ ಗುಂಡುಬಂಡೆಗಳ ನಡುವೆ ಹರಿಯುವ ತುಂಗಭದ್ರೆಗೆ ನೀರು ಬರುವುದು ಈ ಬಯಲಿನಿಂದಲ್ಲ, ನೂರಾರು ಕಿಲೋಮೀಟರ್ ಆಚೆಯ ಮಲೆನಾಡಿನಿಂದ. ಅದೇ ತಾಲ್ಲೂಕಿನ ಪೂರ್ವದಲ್ಲಿ, ರಾರಾವಿಯ ಮಗ್ಗುಲಲ್ಲಿ ಹಾದು ಉತ್ತರಕ್ಕೆ ಸಾಗಿ ತುಂಗಭದ್ರೆಯನ್ನು ಕೂಡುವ ವೇದಾವತಿ, ಅಂದರೆ ಈ ಭಾಗದ ಜನ ಹಗರಿಯೆಂದು ಕರೆಯುವ ಹೊಳೆ, ಸುಮಾರು 390 ಕಿ.ಮೀ. ಉದ್ದವಿದ್ದರೂ ಬಹುಪಾಲು ತಿಂಗಳು ಉಸುಕಿನ ಹಾಸು ಮಾತ್ರ. ಒಣನಾಡಿನಲ್ಲಿ ನದಿಯೊಂದು ಬದುಕಬಹುದಾದ ಎರಡು ಬಗೆಗಳು ಹೀಗೆ ಒಂದೇ ತಾಲ್ಲೂಕಿನಲ್ಲಿ ಎದುರುಬದುರಾಗಿವೆ. ಹಗರಿಬೊಮ್ಮನಹಳ್ಳಿಯ ಬಳಿ ಮಾಲವಿಯಲ್ಲಿ ಕಟ್ಟೆ ಹಾಕಿಸಿಕೊಂಡಿರುವ ಚಿಕ್ಕಹಗರಿ ಬೇರೆಯದೇ ಹೊಳೆ. ಎರಡನ್ನೂ ಬೆರೆಸಿ ಹೇಳುವ ತಪ್ಪು ಬರವಣಿಗೆಗಳಲ್ಲಿ ಆಗಾಗ ಕಾಣಸಿಗುತ್ತದೆ.

ಹೊರಗಿನ ಮಳೆಯಿಂದ ಹುಟ್ಟಿ ಒಣಬಯಲನ್ನು ಹಾದುಹೋಗುವ ತುಂಗಭದ್ರೆಯಂಥ ನದಿಗಳನ್ನು ಹೊರನೀರಿನ ನದಿಗಳೆನ್ನಬಹುದು. ಸಿಂಧೂ ಮತ್ತು ನೈಲ್ ಇವಕ್ಕೆ ಲೋಕಪ್ರಸಿದ್ಧ ಉದಾಹರಣೆಗಳು. ಸೂಡಾನಿನಲ್ಲಿ ಅತ್ಬರಾ ಬಂದು ಸೇರಿದ ಮೇಲೆ ನೈಲ್‌ಗೆ ಸಮುದ್ರದವರೆಗೆ ಮತ್ತೊಂದು ಉಪನದಿಯೇ ಇಲ್ಲ. ಅದು ಹರಿದಷ್ಟೂ ದೂರ ಕೊಡುತ್ತದೆಯೇ ಹೊರತು ಪಡೆಯುವುದಿಲ್ಲ. ತುಂಗಭದ್ರೆಗೆ ಅಷ್ಟು ಕಠಿಣ ಸ್ಥಿತಿ ಬಂದಿಲ್ಲವಾದರೂ ಬಯಲುಸೀಮೆಯಲ್ಲಿ ಅದಕ್ಕೆ ಸೇರುವ ಹಳ್ಳಗಳ ಕೊಡುಗೆ ಮಲೆನಾಡಿನ ನೀರಿನ ಮುಂದೆ ಚಿಕ್ಕದು. ಹಗರಿಯದು ಇನ್ನೊಂದು ಕಥೆ. ಅದರ ಮೂಲವೂ ಪಶ್ಚಿಮಘಟ್ಟದ ಸಾಲಿಗೆ ಸೇರಿದ ಬಾಬಾಬುಡನ್‌ಗಿರಿಯೇ; ಆದರೆ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ತೊರೆಗಳು ಗಿರಿಯ ಬುಡದಲ್ಲಿಯೇ ಮಳೆಯ ನೆರಳಿಗೆ, ಅಂದರೆ ಮುಂಗಾರಿನ ಮೋಡಗಳು ಘಟ್ಟದ ಆಚೆ ಬದಿಯಲ್ಲಿ ನೀರು ಸುರಿಸಿ ಹಗುರಾಗಿ ಬರುವ ಪ್ರದೇಶಕ್ಕೆ, ಬಂದುಬೀಳುತ್ತವೆ. ಒಂದನ್ನು ಸಖರಾಯಪಟ್ಟಣದ ಅಯ್ಯನಕೆರೆಯೂ ಇನ್ನೊಂದನ್ನು ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದಕೆರೆಯೂ ಅಲ್ಲಲ್ಲಿಯೇ ಹಿಡಿದುಕೊಳ್ಳುತ್ತವೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿಯಾಗಿ ಹೊಸದುರ್ಗ, ಹಿರಿಯೂರುಗಳನ್ನು ದಾಟಿ, ಕರ್ನಾಟಕದ ಅತ್ಯಂತ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯ ಮೂಲಕ ರಾಯದುರ್ಗದ ಕಡೆಗೆ ಹೋಗಿ, ಅಲ್ಲಿಂದ ಬಳ್ಳಾರಿಯ ಬಯಲಿಗೆ ಇಳಿಯುತ್ತದೆ. ಘಟ್ಟದ ಒಂದೇ ಸಾಲಿನಲ್ಲಿ, ಕೆಲವೇ ಹರದಾರಿಗಳ ಅಂತರದಲ್ಲಿ ಹುಟ್ಟಿದ ನೀರುಗಳ ಪಾಡು ಇಷ್ಟೊಂದು ಬೇರೆಯಾಗುವುದಕ್ಕೆ ಗಿರಿಯ ನೆತ್ತಿಯ ಯಾವ ಮಗ್ಗುಲಿಗೆ ಹನಿ ಬಿತ್ತೆಂಬುದೇ ಕಾರಣ.

ಮಳೆ ಮತ್ತು ನೆಲ

ಒಣನಾಡಿನ ಮಳೆಯ ಮುಖ್ಯ ಲಕ್ಷಣ ಅದು ಕಡಿಮೆ ಎಂಬುದಲ್ಲ, ಅದು ಬೀಳುವ ರೀತಿ. ವರ್ಷದ ಮಳೆಯ ದೊಡ್ಡ ಪಾಲು ಬೆರಳೆಣಿಕೆಯ ದಿನಗಳಲ್ಲಿ, ಅದೂ ಗುಡುಗುಮೋಡಗಳಿಂದ, ಸಣ್ಣ ಪ್ರದೇಶದ ಮೇಲೆ ಬಿರುಸಾಗಿ ಸುರಿಯುತ್ತದೆ. ಒಂದೂರಿನ ಹೊಲ ತೊಯ್ದು ಕೆಸರಾದಾಗ ಪಕ್ಕದೂರಿನ ದಾರಿಯಲ್ಲಿ ಧೂಳು ಹಾರುತ್ತಿರುತ್ತದೆ. ಬಳ್ಳಾರಿ ಸೀಮೆಯಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳೇ ಮಳೆಯ ಹೆಚ್ಚಿನ ಕಾಲ. ರೈತರ ಎಣಿಕೆಯಲ್ಲಿ ಇವು ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಹೀಗಾಗಿ ಸರಾಸರಿ ಮಳೆ ಎಂಬ ಅಂಕಿಯನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಮಲೆನಾಡಿನಲ್ಲಿ ಸರಾಸರಿಯೆಂಬುದು ಬಹುಪಾಲು ವರ್ಷಗಳಿಗೆ ಹತ್ತಿರವಿರುತ್ತದೆ. ಬಯಲುಸೀಮೆಯಲ್ಲಿ ಅದು ಕೆಲವು ತುಂಬಿದ ವರ್ಷಗಳನ್ನೂ ಅನೇಕ ಬರದ ವರ್ಷಗಳನ್ನೂ ಕೂಡಿಸಿ ಭಾಗಿಸಿದ ಫಲವಾಗಿದ್ದು, ಆ ಅಂಕಿಗೆ ಸರಿಹೊಂದುವ ವರ್ಷವೇ ಅಪರೂಪ. 2009ರ ಅನುಭವ ಇದಕ್ಕೆ ನಿದರ್ಶನ. ಆ ವರ್ಷದ ಮುಂಗಾರು ದೇಶದಾದ್ಯಂತ ಕೈಕೊಟ್ಟು ಬರದ ಮಾತು ನಡೆಯುತ್ತಿರುವಾಗಲೇ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಮಳೆಗೆ ತುಂಗಭದ್ರೆ ಮತ್ತು ವೇದಾವತಿ ಎರಡೂ ಉಕ್ಕಿ ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳು ನೀರಿನಲ್ಲಿ ನಿಂತವು. ಕೆಳಗೆ ಮಂತ್ರಾಲಯ ಮತ್ತು ಕರ್ನೂಲು ನಗರಗಳೂ ಮುಳುಗಿದವು. ಬರ ಮತ್ತು ನೆರೆ ಇಲ್ಲಿ ಎರಡು ಬೇರೆ ವಿಪತ್ತುಗಳಲ್ಲ. ಒಂದೇ ಹವಾಮಾನದ ಎರಡು ತುದಿಗಳು.

ಬಿದ್ದ ಮಳೆ ಹೊಳೆಯಾಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ನೆಲ. ಮಳೆ ಬೀಳುವ ವೇಗವು ನೆಲ ನೀರನ್ನು ಇಂಗಿಸಿಕೊಳ್ಳುವ ವೇಗವನ್ನು ಮೀರಿದಾಗ ಮಿಕ್ಕ ನೀರು ಮೇಲ್ಮೈಯ ಮೇಲೆ ಹರಿಯತೊಡಗುತ್ತದೆಂಬ ತತ್ವವನ್ನು ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1933ರಲ್ಲಿ ನಿರೂಪಿಸಿದ. ದಟ್ಟ ಕಾಡಿನ ನೆಲದಲ್ಲಿ ಇಂಥ ಹರಿವು ಕಡಿಮೆ. ಎಲೆಗೊಬ್ಬರವೂ ಬೇರುಗಳೂ ನೆಲವನ್ನು ಸಡಿಲವಾಗಿಟ್ಟಿರುತ್ತವೆ. ಒಣನಾಡಿನಲ್ಲಿ ಹೊದಿಕೆಯಿಲ್ಲದ ಮಣ್ಣಿಗೆ ಮಳೆಹನಿ ನೇರವಾಗಿ ಬಡಿದು, ಸೂಕ್ಷ್ಮಕಣಗಳು ರಂಧ್ರಗಳನ್ನು ಮುಚ್ಚಿ ತೆಳ್ಳನೆಯ ಗಟ್ಟಿ ಪದರವೊಂದು ಏರ್ಪಡುವುದರಿಂದ, ಬಾಯಾರಿದ ನೆಲವೂ ನೀರನ್ನು ಹೊರಗಟ್ಟುತ್ತದೆ. ಮಳೆ ನಿಂತ ಅರ್ಧ ಗಂಟೆಯಲ್ಲಿ ಹಳ್ಳ ಬರುವುದೂ, ಮರುದಿನ ಅದೇ ಹೊಲದಲ್ಲಿ ಗೇಣುದ್ದ ಅಗೆದರೆ ಒಣಮಣ್ಣು ಸಿಗುವುದೂ ಈ ಕಾರಣದಿಂದಲೇ.

ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ಮೂರು ಬಗೆಯ ನೆಲಗಳು ಮೂರು ರೀತಿಯಲ್ಲಿ ವರ್ತಿಸುತ್ತವೆ. ಮೊದಲನೆಯದು ಬಳ್ಳಾರಿ ಗುಡ್ಡ, ಕುರುಗೋಡಿನ ಬೆಟ್ಟಸಾಲು, ತೆಕ್ಕಲಕೋಟೆಯ ಗುಡ್ಡಗಳಂಥ ಬೋಳು ಗ್ರಾನೈಟ್ ಬಂಡೆ. ಇದರ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಕೂಡಲೇ ಕೆಳಗಿಳಿಯುತ್ತದೆ, ಸ್ವಲ್ಪ ಭಾಗ ಬಂಡೆಯ ಸಂದುಗಳಲ್ಲಿ ಮತ್ತು ದೊಣೆಗಳಲ್ಲಿ ನಿಲ್ಲುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪ್ರಾಚೀನ ನಬತಿಯನ್ನರು ವರ್ಷಕ್ಕೆ 100 ಮಿ.ಮೀ. ಆಸುಪಾಸಿನ ಮಳೆಯಲ್ಲಿ ಬೆಳೆ ತೆಗೆಯುತ್ತಿದ್ದದ್ದು, ಹೊಲದ ಇಪ್ಪತ್ತರಿಂದ ಮೂವತ್ತು ಪಟ್ಟು ವಿಸ್ತಾರವಾದ ಬೋಳುಗುಡ್ಡದ ನೀರನ್ನು ಆ ಹೊಲಕ್ಕೆ ತಿರುಗಿಸಿಕೊಂಡು; ಗುಡ್ಡದ ಬುಡದಲ್ಲಿ ಕೆರೆ ಕಟ್ಟುವ ನಮ್ಮ ಪದ್ಧತಿಯ ಹಿಂದಿರುವುದೂ ಇದೇ ಲೆಕ್ಕ. 1963-64ರಲ್ಲಿ ಉತ್ಖನನಗೊಂಡ ತೆಕ್ಕಲಕೋಟೆಯ ನವಶಿಲಾಯುಗದ ಜನರು ಕಪ್ಪುಮಣ್ಣಿನ ಎರೆಬಯಲನ್ನು ಬಿಟ್ಟು ಗುಡ್ಡಗಳ ಮೇಲೆ ನೆಲೆಸಿದ್ದಕ್ಕೆ ರಕ್ಷಣೆಯ ಜೊತೆಗೆ ಬಂಡೆಯ ನೀರೂ ಒಂದು ಕಾರಣವಾಗಿರಬಹುದೆಂದು ಊಹಿಸಲು ಅವಕಾಶವಿದೆ. ಎರಡನೆಯದಾದ ಮಸಾರಿ ಭೂಮಿ, ಅಂದರೆ ಗ್ರಾನೈಟ್ ಶಿಥಿಲವಾಗಿ ಉಂಟಾದ ಕೆಂಪು ಮರಳುಮಿಶ್ರಿತ ಮಣ್ಣು, ನೀರನ್ನು ಬೇಗ ಇಂಗಿಸಿಕೊಂಡು ಅಷ್ಟೇ ಬೇಗ ಕಳೆದುಕೊಳ್ಳುತ್ತದೆ.

ಮೂರನೆಯ ಎರೆಭೂಮಿಯ ನಡತೆ ಇವೆರಡಕ್ಕಿಂತ ಜಟಿಲವಾದುದು. ಬೇಸಿಗೆಯಲ್ಲಿ ಎರೆ ಸೀಳಿ, ಕೈ ಇಳಿಸಬಹುದಾದಷ್ಟು ಬಿರುಕುಗಳು ಬಾಯ್ದೆರೆದಿರುತ್ತವೆ. ಮೊದಲ ಮಳೆಯ ನೀರೆಲ್ಲ ಆ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ಆಗ ಹಳ್ಳ ಬರುವುದಿಲ್ಲ. ನೀರು ಕುಡಿದ ಜೇಡಿಕಣಗಳು ಉಬ್ಬಿ ಬಿರುಕು ಮುಚ್ಚಿದ ಮೇಲೆ ಇಂಗುವಿಕೆ ಬಹುತೇಕ ನಿಂತುಹೋಗಿ, ಹಿಂದಿನ ಮಳೆಗಿಂತ ಸಣ್ಣ ಮಳೆಗೂ ನೀರು ಹೊಲದಿಂದ ಹೊಲಕ್ಕೆ ಹರಿಯತೊಡಗುತ್ತದೆ. ಆದ್ದರಿಂದ ಎರೆಸೀಮೆಯ ಹಳ್ಳಗಳ ನೆರೆಯನ್ನು ಅಂದಾಜು ಮಾಡುವಾಗ ಇಂದು ಎಷ್ಟು ಮಳೆ ಬಿತ್ತೆಂಬುದಕ್ಕಿಂತ ಹಿಂದಿನ ವಾರ ನೆಲ ಎಷ್ಟು ತೊಯ್ದಿತ್ತೆಂಬುದು ಮುಖ್ಯವಾಗುತ್ತದೆ. ಇಂಗಿದ ನೀರನ್ನು ಎರೆ ಗಟ್ಟಿಯಾಗಿ ಹಿಡಿದಿಡುತ್ತದೆ. ಒಂದು ಮೀಟರ್ ಆಳದ ಎರೆಯಲ್ಲಿ ಬೆಳೆಗೆ ಒದಗುವ ತೇವ 150ರಿಂದ 200 ಮಿ.ಮೀ. ಮಳೆಗೆ ಸಮನಾಗಬಲ್ಲದು. ಹಿಂಗಾರು ಜೋಳ, ಕಡಲೆಗಳು ಬಿತ್ತಿದ ಮೇಲೆ ಮಳೆಯೇ ಬಾರದಿದ್ದರೂ ಇಬ್ಬನಿ ಮತ್ತು ಈ ತೇವದ ಬಲದಲ್ಲಿ ಕಾಳು ಕಟ್ಟುತ್ತವೆ. ಒಣಬೇಸಾಯದ ಈ ಗುಟ್ಟನ್ನು ಶಾಸ್ತ್ರೀಯವಾಗಿ ಅರಿಯಲು 1930ರ ದಶಕದಲ್ಲಿ ದೇಶದ ಐದು ಕಡೆಗಳಲ್ಲಿ ಸಂಶೋಧನಾ ಕೇಂದ್ರಗಳನ್ನು ತೆರೆದಾಗ ಸೊಲ್ಲಾಪುರ, ವಿಜಯಪುರ, ರಾಯಚೂರು ಮತ್ತು ರೋಹ್ತಕ್‌ಗಳ ಜೊತೆಗೆ ಹೊಳೆಯ ಹೆಸರನ್ನೇ ಹೊತ್ತ ಹಗರಿ ಊರೂ ಒಂದಾಗಿತ್ತು. ಮಣ್ಣು ಮತ್ತು ನೀರಿನ ಸಂರಕ್ಷಣೆಗೆಂದೇ ಬಳ್ಳಾರಿಯಲ್ಲಿ 1954ರಲ್ಲಿ ಆರಂಭವಾದ ಕೇಂದ್ರ ಇಂದಿಗೂ ಎರೆಭೂಮಿಯ ಬದು, ಒಡ್ಡುಗಳ ಬಗ್ಗೆ ಕೆಲಸ ಮಾಡುತ್ತಿದೆ.

ಹರಿವಿನ ರೀತಿ

ಹೊಳೆಗಳನ್ನು ಹರಿವಿನ ಅವಧಿಗೆ ತಕ್ಕಂತೆ ಜೀವನದಿ, ಋತುಮಾನದ ಹೊಳೆ, ಕ್ಷಣಿಕ ಹೊಳೆ ಎಂದು ಮೂರಾಗಿ ಹೇಳುವುದು ವಾಡಿಕೆ. ಜೀವನದಿಗೆ ಬೇಸಿಗೆಯಲ್ಲಿ ನೀರು ಕೊಡುವುದು ಮಳೆಯಲ್ಲ, ದಂಡೆಯ ಅಂತರ್ಜಲ. ಅಲ್ಲಿ ನೀರಿನ ಮಟ್ಟ ನದಿಯ ಮಟ್ಟಕ್ಕಿಂತ ಮೇಲಿದ್ದು ಒಳಗೊಳಗೇ ಪಾತ್ರಕ್ಕೆ ಒಸರುತ್ತದೆ. ಕ್ಷಣಿಕ ಹೊಳೆಯಲ್ಲಿ ಇದು ತಿರುಗುಮುರುಗು. ಅಂತರ್ಜಲ ಪಾತ್ರದ ತಳದಿಂದ ಬಹಳ ಕೆಳಗಿರುವುದರಿಂದ ಹೊಳೆಯೇ ನೆಲಕ್ಕೆ ನೀರು ಕೊಡುತ್ತ ಹೋಗುತ್ತದೆ. ಇದರ ಪರಿಣಾಮ ವಿಚಿತ್ರವಾದುದು: ಮಲೆನಾಡಿನ ನದಿ ಕೆಳಗೆ ಹೋದಂತೆ ದೊಡ್ಡದಾದರೆ, ಒಣನಾಡಿನ ಹೊಳೆ ಕೆಳಗೆ ಹೋದಂತೆ ಚಿಕ್ಕದಾಗುತ್ತದೆ. ದಾರಿಯಲ್ಲಿ ಉಸುಕಿಗೆ ಸಲ್ಲುವ ಈ ನೀರನ್ನು ದಾರಿನಷ್ಟವೆನ್ನಬಹುದು. ಅಮೆರಿಕದ ಅರಿಜೋನಾದಲ್ಲಿ 1953ರಿಂದ ನಿರಂತರ ಅಳತೆಗೆ ಒಳಗಾಗಿರುವ, ಸುಮಾರು 150 ಚದರ ಕಿ.ಮೀ. ವಿಸ್ತಾರದ ವಾಲ್‌ನಟ್ ಗಲ್ಚ್ ಜಲಾನಯನದಲ್ಲಿ, ಮೇಲಿನ ತೊರೆಗಳಲ್ಲಿ ಬಂದ ನೆರೆ ಕೆಳಗಿನ ಅಳತೆಕಟ್ಟೆಯನ್ನು ಮುಟ್ಟುವ ಮೊದಲೇ ಬಹುಮಟ್ಟಿಗೆ ಕರಗುವುದನ್ನು ಮತ್ತೆ ಮತ್ತೆ ದಾಖಲಿಸಲಾಗಿದೆ. ರಾಜಸ್ಥಾನದ ಲೂಣಿ ನದಿ ಅರಾವಳಿಯಲ್ಲಿ ಹುಟ್ಟಿ 495 ಕಿ.ಮೀ. ಹರಿದರೂ ಸಮುದ್ರವನ್ನು ನದಿಯಾಗಿ ಸೇರದೆ ಕಚ್ಛದ ರಣದಲ್ಲಿ ಅಳಿದುಹೋಗುತ್ತದೆ. ಬಾಲೋತ್ರಾದವರೆಗೆ ಸಿಹಿಯಾದ ಅದರ ನೀರು ಅಲ್ಲಿಂದ ಮುಂದೆ ಉಪ್ಪಾಗುತ್ತದೆ. ದಾರಿನಷ್ಟವೆಂಬುದು ಅಣೆಕಟ್ಟಿನ ಎಂಜಿನಿಯರನ ಕಣ್ಣಿಗೆ ಮಾತ್ರ ನಷ್ಟ. ದಂಡೆಯ ಬಾವಿಗಳಿಗೆ ವರ್ಷದ ಜಮೆ ಬೀಳುವುದು ಆ ಕೆಲವು ಗಂಟೆಗಳ ಹರಿವಿನಲ್ಲಿಯೇ.

ನೆರೆಯ ಏರಿಳಿತವೂ ಬೇರೆಯದೇ. ಮಳೆಯಾದ ಜಾಗ ದೂರವಿದ್ದು, ಊರ ಮೇಲೆ ಶುಭ್ರ ಬಿಸಿಲಿರುವಾಗಲೇ ಒಣಹಳ್ಳದಲ್ಲಿ ನೊರೆ, ಕಸ, ಮುಳ್ಳುಕಂಟಿಗಳನ್ನು ಮುಂದೆ ತಳ್ಳಿಕೊಂಡು ನೀರಿನ ಮೊದಲ ಅಲೆ ಬರುತ್ತದೆ. ಅರ್ಧ-ಒಂದು ಗಂಟೆಯಲ್ಲಿ ಪ್ರವಾಹ ತುದಿ ಮುಟ್ಟಿ, ಮರುದಿನದ ಹೊತ್ತಿಗೆ ಪಾತ್ರದಲ್ಲಿ ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತವೆ. ಬಯಲುಸೀಮೆಯಲ್ಲಿ ಹಳ್ಳಕ್ಕೆ ಸಿಕ್ಕು ಸಾಯುವವರಲ್ಲಿ ದಾಟಲು ಹೋದವರೇ ಹೆಚ್ಚಾಗಿರುವುದಕ್ಕೆ ಈ ಹಠಾತ್ ಸ್ವಭಾವವೇ ಕಾರಣ. ಹರಿವಿನಲ್ಲಿ ನೀರಿನ ಜೊತೆಗೆ ಬಹಳಷ್ಟು ಮಣ್ಣೂ ಇರುತ್ತದೆ. ಲ್ಯಾಂಗ್‌ಬೈನ್ ಮತ್ತು ಶುಮ್ ಎಂಬ ಅಮೆರಿಕದ ವಿಜ್ಞಾನಿಗಳು 1958ರಲ್ಲಿ ತೋರಿಸಿದಂತೆ, ನೆಲದ ಸವೆತ ಅತಿ ಹೆಚ್ಚಾಗಿರುವುದು ಅತಿ ಹೆಚ್ಚು ಮಳೆಯ ನಾಡಿನಲ್ಲಲ್ಲ, ಅರೆಶುಷ್ಕ ನಾಡಿನಲ್ಲಿ. ಮಣ್ಣನ್ನು ಕೊಚ್ಚುವಷ್ಟು ಮಳೆ ಅಲ್ಲಿದೆ, ಮಣ್ಣನ್ನು ಹಿಡಿದಿಡುವಷ್ಟು ಹಸಿರು ಇಲ್ಲ. ತುಂಗಭದ್ರಾ ಜಲಾಶಯ ಇದಕ್ಕೆ ಸಮೀಪದ ಸಾಕ್ಷಿ. 1953ರಲ್ಲಿ 133 ಟಿಎಂಸಿ ಅಡಿ ಹಿಡಿಯುವಂತಿದ್ದ ಅದರ ಸಾಮರ್ಥ್ಯ ಹೂಳಿನಿಂದಾಗಿ ಈಗ 105.788 ಟಿಎಂಸಿ ಅಡಿ ಎಂದು ಲೆಕ್ಕ ಹಿಡಿಯಲಾಗಿದೆ.

ಹಗರಿಯ ಉಸುಕು

ಹಗರಿಯ ಪಾತ್ರ ಅದರ ನೀರಿಗೆ ಹೋಲಿಸಿದರೆ ಅಸಾಧಾರಣವಾಗಿ ಅಗಲ. ಸಸ್ಯಗಳ ಬೇರು ಬಿಗಿಹಿಡಿಯದ ದಂಡೆಗಳು ದೊಡ್ಡ ನೆರೆಯಲ್ಲಿ ಸುಲಭವಾಗಿ ಕುಸಿದು ಪಾತ್ರವನ್ನು ಅಗಲಿಸುತ್ತವೆ, ಇಳಿಯುವ ನೆರೆ ತಾನು ತಂದ ಉಸುಕನ್ನು ಹೊರಲಾರದೆ ಅಲ್ಲಿಯೇ ಹರಡಿ ಹೋಗುತ್ತದೆ, ಮುಂದಿನ ಸಣ್ಣ ಹರಿವುಗಳು ಆ ಹಾಸಿನ ಮೇಲೆ ಜಡೆಯೆಳೆಗಳಂತೆ ಕವಲೊಡೆದು ಕೂಡುತ್ತ ಸಾಗುತ್ತವೆ. ಮೇಲಿನಿಂದ ನಿಶ್ಚಲವಾಗಿ ಕಾಣುವ ಈ ಉಸುಕು ನೆರೆಯ ಕಾಲದಲ್ಲಿ ಆಳದವರೆಗೆ ಸಡಿಲಗೊಂಡು ನೀರಿನೊಡನೆ ಚಲಿಸಿ, ನೆರೆ ಇಳಿದೊಡನೆ ಮತ್ತೆ ತುಂಬಿಕೊಳ್ಳುತ್ತದೆ. ಈ ತಳಕೊರೆತ ನೆರೆ ಇಳಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಮರುದಿನ ಅಳೆದರೆ ತಳ ಎಂದಿನ ಮಟ್ಟದಲ್ಲಿಯೇ ಇರುತ್ತದೆ. ಸೇತುವೆ ಕಟ್ಟುವವರು ಒಣಪಾತ್ರದ ಮೇಲ್ಮೈಯನ್ನು ನಂಬಿದರೆ ಮೋಸ ಹೋಗುವುದು ಇಲ್ಲಿಯೇ. 2022ರ ಅಕ್ಟೋಬರಿನಲ್ಲಿ ವೇದಾವತಿ ತುಂಬಿ ಹರಿದಾಗ, ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆಯನ್ನು, ಅಂದರೆ ರೈತರ ಬಾಯಲ್ಲಿ ಎಲ್‌ಎಲ್‌ಸಿಯನ್ನು, ಹೊಳೆಯ ಮೇಲಿಂದ ದಾಟಿಸುವ ಬೈರದೇವನಹಳ್ಳಿ ಬಳಿಯ ಮೇಲ್ಗಾಲುವೆಯ ಕಂಬವೊಂದು ಕುಸಿದು, ಭತ್ತ ನಿಂತಿದ್ದ ಕಾಲದಲ್ಲಿ ಕೆಳಗಿನ ಸಾವಿರಾರು ಎಕರೆಗೆ ನೀರು ನಿಂತುಹೋಗಿತ್ತು. ಒಣಹೊಳೆಯ ನೆರೆಯು ಜೀವನದಿಯ ನೀರನ್ನು ತಡೆದ ಪ್ರಸಂಗವಿದು.

ಆ ವರ್ಷದ ನೆರೆಗೆ ಹಿನ್ನೆಲೆಯಾಗಿ, ಇದೇ ಹೊಳೆಗೆ ಹಿರಿಯೂರಿನ ಬಳಿ ಕಟ್ಟಿರುವ ವಾಣಿವಿಲಾಸ ಸಾಗರವನ್ನು ಗಮನಿಸಬೇಕು. ಮೈಸೂರು ಸರ್ಕಾರ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಈ ಮಾರಿಕಣಿವೆ ಅಣೆಕಟ್ಟಿನ ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. ಅದು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿ, 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಮೂರನೆಯದು 2025ರ ಜನವರಿಯಲ್ಲಿ. 2022 ಮತ್ತು 2025ರ ಈ ಎರಡು ಸಲ ಬೇಗ ಬೇಗ ತುಂಬಿದ್ದರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿಸಿದ ನೀರಿನ ಪಾಲೂ ಇರುವುದರಿಂದ ಅವನ್ನು ಕೇವಲ ಮಳೆಯ ಕೃಪೆಯೆಂದು ಬಗೆಯಲಾಗದು. ಕೋಡಿ ಬೀಳದ ಆ 89 ವರ್ಷಗಳನ್ನು ನೋಡಿ ಅಣೆಕಟ್ಟನ್ನು ಅತಿಯಾಗಿ ದೊಡ್ಡದು ಮಾಡಿದರೆಂದು ಹೇಳುವವರುಂಟು. ಆದರೆ ಕ್ಷಣಿಕ ಹೊಳೆಗೆ ಅಡ್ಡಲಾಗಿ ಕಟ್ಟುವ ಜಲಾಶಯದ ಉದ್ದೇಶ ಪ್ರತಿವರ್ಷ ತುಂಬುವುದಲ್ಲ, ಒಂದು ಒಳ್ಳೆಯ ವರ್ಷದ ನೀರನ್ನು ಮುಂದಿನ ಹಲವು ಕೆಟ್ಟ ವರ್ಷಗಳಿಗೆ ಉಳಿಸುವುದು. ಆ ದೃಷ್ಟಿಯಲ್ಲಿ ಮಾರಿಕಣಿವೆಯ ಗಾತ್ರಕ್ಕೆ ಅರ್ಥವಿದೆ. ಅದಕ್ಕೆ ತೆರಬೇಕಾದ ಬೆಲೆಯನ್ನು ತೆತ್ತಿರುವುದು ಕೆಳಗಿನ ಪಾತ್ರ. ಗಡಿಯಾಚೆಯ ಭೈರವಾನಿತಿಪ್ಪದ ಅಣೆಯೂ ಸೇರಿ, ಹಗರಿಯ ಉಸುಕನ್ನು ತೊಯಿಸುತ್ತಿದ್ದ ಸಾಧಾರಣ ನೆರೆಗಳು ವಿರಳವಾದವು.

ತೊಯ್ಯದ ಉಸುಕು ಗಾಳಿಯ ಪಾಲು. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮತ್ತು ಪಶ್ಚಿಮದಿಂದ ಬಿರುಸಾಗಿ ಬೀಸುವ, ಆದರೆ ಹೆಚ್ಚು ಮಳೆ ತಾರದ ಮುಂಗಾರು ಗಾಳಿ ಹಗರಿಯ ಪಾತ್ರದಿಂದ ಉಸುಕನ್ನೆತ್ತಿ ಪೂರ್ವದ ದಂಡೆಯ ಹೊಲಗಳ ಮೇಲೆ ದಿಬ್ಬಗಳಾಗಿ ಸುರಿಯುತ್ತದೆ. ಅನಂತಪುರ ಜಿಲ್ಲೆಯ ಬೊಮ್ಮನಹಾಳ್, ಕಣೇಕಲ್ಲು ಭಾಗಗಳಲ್ಲಿ ಗೋವಿಂದವಾಡದಂಥ ಹಳ್ಳಿಗಳ ಸುತ್ತ ಇಂಥ ಮರಳುದಿಬ್ಬಗಳು ನೋಡುಗರಿಗೆ ಥಾರ್ ಮರುಭೂಮಿಯನ್ನು ನೆನಪಿಸುತ್ತವೆ. ಇವುಗಳಿಗೆ ಅಣೆಕಟ್ಟುಗಳನ್ನೇ ಪೂರ್ತಿಯಾಗಿ ಹೊಣೆ ಮಾಡುವುದು ಮಾತ್ರ ಸರಿಯಲ್ಲ. ಮಾರಿಕಣಿವೆ ಮುಗಿಯುವ ಮೊದಲೇ, 1904ರಲ್ಲಿ ಪ್ರಕಟವಾದ ಡಬ್ಲ್ಯು. ಫ್ರಾನ್ಸಿಸ್‌ನ ಬಳ್ಳಾರಿ ಗೆಝೆಟಿಯರ್ ಹಗರಿಯ ಹಾರುಮರಳನ್ನು ಗುರುತಿಸಿತ್ತು. ಉಸುಕು ಮೊದಲಿನಿಂದಲೂ ಹಾರುತ್ತಿತ್ತು, ಹಾರುವ ದಿನಗಳು ಹೆಚ್ಚಿದವೆನ್ನುವುದೇ ಹೆಚ್ಚು ನ್ಯಾಯವಾದ ಮಾತು. ನೈಋತ್ಯ ಆಫ್ರಿಕದ ನಮೀಬಿಯಾದಲ್ಲಿ ಕುಯ್ಸೆಬ್ ಎಂಬ ಕ್ಷಣಿಕ ಹೊಳೆ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಅಲ್ಲಿ ದಕ್ಷಿಣದಿಂದ ಒತ್ತಿಬರುವ ಬೃಹತ್ ಮರಳುರಾಶಿಯನ್ನು ಆಗೊಮ್ಮೆ ಈಗೊಮ್ಮೆ ಬರುವ ನೆರೆ ಕೊಚ್ಚಿ ಹಾಕುವುದರಿಂದ ಹೊಳೆಯ ಉತ್ತರಕ್ಕೆ ಮರಳುದಿಬ್ಬಗಳು ಬಹುಮಟ್ಟಿಗೆ ದಾಟಿಲ್ಲ. ಹೊಳೆ ಮರಳಿಗೆ ಗಡಿಯೂ ಆಗಬಹುದು, ಮರಳಿನ ಗಣಿಯೂ ಆಗಬಹುದು. ನೆರೆ ಮತ್ತು ಗಾಳಿಗಳಲ್ಲಿ ಯಾವುದರ ಕೈ ಮೇಲಾಗುತ್ತದೆಂಬುದರ ಮೇಲೆ ಅದು ನಿಂತಿದೆ.

ಅದೇ ಉಸುಕು ನೀರಿನ ಭಂಡಾರವೂ ಹೌದು. ಒರಟು ಮರಳಿನ ಗಾತ್ರದಲ್ಲಿ ಮೂರನೆಯ ಒಂದು ಭಾಗದಷ್ಟು ಕಣಗಳ ನಡುವಿನ ಖಾಲಿಜಾಗವಿರುತ್ತದೆ. ನೆರೆಯಲ್ಲಿ ಅದು ತುಂಬಿಕೊಳ್ಳುತ್ತದೆ. ಮೇಲಿನ ಎರಡು-ಮೂರು ಅಡಿ ಉಸುಕು ಒಣಗಿದ ಮೇಲೆ ಅದೇ ಮುಚ್ಚಳವಾಗಿ ಕೆಳಗಿನ ನೀರಿಗೆ ಬಿಸಿಲು ತಾಗದಂತೆ ಕಾಯುವುದರಿಂದ, ತೆರೆದ ಕೆರೆಯ ನೀರು ಮಾರ್ಚ್ ಹೊತ್ತಿಗೆ ಆವಿಯಾಗಿ ಹೋದರೂ ಉಸುಕಿನೊಳಗಿನ ನೀರು ಮೇ ತಿಂಗಳವರೆಗೂ ಉಳಿಯಬಲ್ಲದು. ಹೊಳೆಸಾಲಿನ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಉಸುಕು ತೋಡಿ, ಒರತೆಯಲ್ಲಿ ಜಿನುಗಿದ ತಿಳಿನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಿಕೊಳ್ಳುತ್ತಿದ್ದದ್ದು ಈ ಭಂಡಾರದಿಂದ. ಹಗರಿ ಮತ್ತು ಪೆನ್ನಾರ್ ಪಾತ್ರಗಳಲ್ಲಿ ಉಸುಕಿನೊಳಗೆ ಓರೆಯಾಗಿ ಕಾಲುವೆ ತೋಡಿ, ಒಸರಿದ ನೀರನ್ನು ಕೆಳಗಿನ ಹೊಲಗಳಿಗೆ ಹರಿಸಿಕೊಂಡು, ನೆರೆ ಬಂದು ಮುಚ್ಚಿದಾಗ ಊರವರೆಲ್ಲ ಸೇರಿ ಮತ್ತೆ ತೋಡುವ ಪದ್ಧತಿಯೂ ಇತ್ತು. ಪಾವಗಡ, ಮಧುಗಿರಿ, ಕೊರಟಗೆರೆಗಳ ತಲಪರಿಗೆಗಳು, ಅಂದರೆ ನೆಲದಿಂದ ಒಸರುವ ನೀರಿನ ಒರತೆಗಳು, ಇದರ ಹತ್ತಿರದ ನೆಂಟರು. ಕೀನ್ಯಾದಲ್ಲಿ ಇಂಥ ಹೊಳೆಗಳಿಗೆ ಅಡ್ಡಲಾಗಿ ತಗ್ಗಾದ ಗೋಡೆ ಕಟ್ಟಿ, ಬೇಕೆಂದೇ ಉಸುಕು ತುಂಬಲು ಬಿಟ್ಟು ಅದರೊಳಗೆ ನೀರು ಕೂಡಿಡುತ್ತಾರೆ. ಇದನ್ನು ಬಲ್ಲವರಿಗೆ ಕಟ್ಟಡಗಳಿಗಾಗಿ ಹೊಳೆಯ ಉಸುಕನ್ನು ಬಂಡೆ ಕಾಣುವವರೆಗೆ ತೋಡಿ ಸಾಗಿಸುವುದು ಮರಳಿನ ಕಳ್ಳತನಕ್ಕಿಂತ ಹೆಚ್ಚಾಗಿ ನೀರಿನ ಕಳ್ಳತನವಾಗಿ ಕಂಡರೆ ಆಶ್ಚರ್ಯವಿಲ್ಲ. ಉಸುಕಿಲ್ಲದ ಪಾತ್ರದಲ್ಲಿ ನೆರೆ ತಡೆಯಿಲ್ಲದೆ ಓಡಿಹೋಗುತ್ತದೆ, ದಂಡೆಯ ಬಾವಿಗಳು ಒಂದೊಂದಾಗಿ ಬತ್ತುತ್ತವೆ. ಉಳಿದ ತೇವವನ್ನು ಬಳ್ಳಾರಿ ಜಾಲಿ ಹುಡುಕುತ್ತದೆ. ಅಮೆರಿಕ ಖಂಡದಿಂದ ಬಂದು ಈ ಜಿಲ್ಲೆಯ ಹೆಸರನ್ನೇ ಹೊತ್ತ ಆ ಮುಳ್ಳುಗಿಡ ಆಳಕ್ಕೆ ಬೇರಿಳಿಸಿ, ಹರಿವು ಕಡಿಮೆಯಾದ ಹಳ್ಳಗಳನ್ನೂ ಹೂಳು ತುಂಬಿದ ಕೆರೆಯಂಗಳಗಳನ್ನೂ ಒಟ್ಟಾಗಿ ಆಕ್ರಮಿಸಿಕೊಂಡಿದೆ.

ಕಟ್ಟೆ, ಕೆರೆ, ಕಾಲುವೆ

ಇಂಥ ನೀರನ್ನು ಬಳಸಲು ಈ ಸೀಮೆಯಲ್ಲಿ ಎರಡು ಬೇರೆ ಬೇರೆ ತಂತ್ರಗಳು ಬೆಳೆದವು. ಕ್ಷಣಿಕ ಹಳ್ಳಗಳಿಗೆ ಕೆರೆ, ಹೊರನೀರಿನ ನದಿಗೆ ಅಣೆ ಮತ್ತು ಕಾಲುವೆ. ಸಂಡೂರಿನ ಕಣಿವೆಯಿಂದ ಹೊರಬರುವ ನಾರಿಹಳ್ಳದ ನೀರನ್ನು ಹಿಡಿಯುವ ದರೋಜಿ ಕೆರೆ ಮೊದಲನೆಯದಕ್ಕೆ ದೊಡ್ಡ ಉದಾಹರಣೆ. ಕೆರೆಯ ಜೀವ ಅದರ ಏರಿಯಲ್ಲಿರುವುದಕ್ಕಿಂತ ಕೋಡಿಯಲ್ಲಿದೆ. ಹತ್ತು ವರ್ಷ ಸುಮ್ಮನಿದ್ದ ಹಳ್ಳ ಒಂದೇ ರಾತ್ರಿಯಲ್ಲಿ ತರುವ ನೀರನ್ನು ಹೊರಬಿಡುವಷ್ಟು ಕೋಡಿ ಅಗಲವಿರದಿದ್ದರೆ ಏರಿ ಒಡೆಯುತ್ತದೆ, ಮೇಲಿನ ಕೆರೆ ಒಡೆದರೆ ಆ ನೀರು ಸರಣಿಯ ಕೆಳಗಿನ ಕೆರೆಗಳನ್ನೂ ಒಡೆಯುತ್ತದೆ. ಶಾಸನಗಳಲ್ಲಿ ಕಾಣುವ ಕೆರೆಗೊಡಗೆ, ಕಟ್ಟುಕೊಡಗೆಗಳು ಏರಿ, ತೂಬು, ಕೋಡಿಗಳ ದುರಸ್ತಿಯನ್ನು ಪ್ರತಿವರ್ಷದ ಕೆಲಸವಾಗಿಸಲು ಭೂಮಿಯ ಆದಾಯವನ್ನು ಮೀಸಲಿಟ್ಟ ವ್ಯವಸ್ಥೆಗಳು. ಅಪರೂಪಕ್ಕೆ ಬರುವ ನೀರಿಗಾಗಿ ನಿರಂತರವಾಗಿ ಸಿದ್ಧವಿರಬೇಕಾದ ನಾಡಿಗೆ ತಕ್ಕ ಆಡಳಿತವದು.

ತುಂಗಭದ್ರೆಯಲ್ಲಿ ವಿಜಯನಗರದ ಕಾಲದವರು ನದಿಯನ್ನು ಪೂರ್ತಿ ತಡೆಯುವ ಗೊಡವೆಗೆ ಹೋಗಲಿಲ್ಲ. ಪಾತ್ರದಲ್ಲಿ ಸಹಜವಾಗಿದ್ದ ಗುಂಡುಗಳ ನಡುವೆ ಕಲ್ಲು ತುಂಬಿ, ಓರೆಯಾಗಿ ಸಾಗುವ ತಗ್ಗಾದ ಅಣೆಗಳನ್ನು ಕಟ್ಟಿ, ಬೇಸಿಗೆಯ ಸಣ್ಣ ಹರಿವು ಕಾಲುವೆಗೆ ತಿರುಗುವಂತೆಯೂ ಮಳೆಗಾಲದ ನೆರೆ ಅಣೆಯ ಮೇಲೆ ಉರುಳಿಹೋಗುವಂತೆಯೂ ಮಾಡಿದರು. ಹೊಸಪೇಟೆಯ ಬಸವಣ್ಣ, ರಾಯ, ತುರ್ತು ಕಾಲುವೆಗಳಿಂದ ಕಂಪ್ಲಿಯವರೆಗೆ, ಅಲ್ಲಿಂದ ಮುಂದೆ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳವರೆಗೆ ಈ ಸರಣಿ ಹಬ್ಬಿದೆ. ಹೂಳು ಅಣೆಯ ಹಿಂದೆ ನಿಲ್ಲದೆ ನೆರೆಯೊಡನೆ ಮುಂದೆ ಸಾಗುವುದರಿಂದಲೇ ಇವುಗಳಲ್ಲಿ ಹಲವು ಶತಮಾನಗಳ ನಂತರವೂ ನೀರುಣಿಸುತ್ತಿವೆ.

1953ರ ತುಂಗಭದ್ರಾ ಅಣೆಕಟ್ಟಿನ ನಂತರ ಬಂದ ಕಾಲುವೆಗಳ ಪ್ರಮಾಣವೇ ಬೇರೆ. ಜೋಳ, ಹತ್ತಿಗಳಂಥ ಅರೆನೀರಾವರಿ ಬೆಳೆಗಳನ್ನು ಮುಖ್ಯವಾಗಿ ಎಣಿಸಿ ವಿಶಾಲ ಪ್ರದೇಶಕ್ಕೆ ತೆಳುವಾಗಿ ನೀರು ಹಂಚಲು ಯೋಜಿಸಿದ್ದರೂ, ಕಾಲುವೆಯ ತಲೆಭಾಗದಲ್ಲಿ ಭತ್ತವೇ ನೆಲೆಯಾಗಿ ಸಿರುಗುಪ್ಪ ಭತ್ತದ ಕಣಜವೆನಿಸಿತು, ಕೊನೆಭಾಗದ ರೈತ ನೀರಿಗಾಗಿ ಕಾಯುವಂತಾಯಿತು. ಇದರಿಂದ ಹಳ್ಳಗಳ ಸ್ವಭಾವವೂ ಬದಲಾಗಿದೆ. ಹಿಂದೆ ಮಳೆಯ ದಿನಗಳಲ್ಲಿ ಮಾತ್ರ ಬರುತ್ತಿದ್ದ ಎರೆಸೀಮೆಯ ಹಳ್ಳಗಳು ಈಗ ಗದ್ದೆಗಳ ಬಸಿನೀರಿನಿಂದ ಕಾಲುವೆ ಬಿಟ್ಟಿರುವ ತಿಂಗಳೆಲ್ಲ ಹರಿಯುತ್ತವೆ, ಅವುಗಳ ದಡದಲ್ಲಿ ಪಂಪುಸೆಟ್ಟುಗಳು ನಿಂತು ಅದೇ ನೀರನ್ನು ಮತ್ತೆ ಮೇಲೆತ್ತುತ್ತವೆ. ಎರೆಯ ತಳಕ್ಕೆ ಇಳಿಯಲಾರದ ನೀರು ಬೇರಿನ ಮಟ್ಟದಲ್ಲಿ ನಿಂತು, ಮಣ್ಣಿನಲ್ಲಿ ಮೊದಲೇ ಇದ್ದ ಲವಣಗಳನ್ನು ಕರಗಿಸಿಕೊಂಡು ಮೇಲೇರುತ್ತದೆ. ಮೇಲೆ ಬಂದ ನೀರು ಆವಿಯಾದಾಗ ಲವಣ ಅಲ್ಲಿಯೇ ಬಿಳಿಯ ಹುಡಿಯಾಗಿ ಉಳಿದು, ನೆಲ ಸವುಳಾಗುತ್ತದೆ. ಮರುಭೂಮಿಯ ಒಳನಾಡಿನ ಸರೋವರಗಳು, ಉದಾಹರಣೆಗೆ ರಾಜಸ್ಥಾನದ ಸಾಂಭರ್, ಉಪ್ಪಾಗಿರುವುದೂ ಇದೇ ಕ್ರಿಯೆಯಿಂದ: ಒಳಗೆ ಬರುವ ನೀರಿಗೆ ದಾರಿಯಿದೆ, ಹೊರಹೋಗಲು ಆವಿಯಾಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಪ್ರಕೃತಿ ಸಹಸ್ರಮಾನಗಳಲ್ಲಿ ಮಾಡಿದ್ದನ್ನು ಇಲ್ಲಿ ಕಾಲುವೆ ಕೆಲವು ದಶಕಗಳಲ್ಲಿ ಮಾಡಿದೆ. ಪರಿಹಾರವಾಗಿ ಗಂಗಾವತಿ ಮತ್ತು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಗಳ ವಲಯದಲ್ಲಿ ಹೊಲದಡಿ ತೂತಿನ ಕೊಳವೆಗಳನ್ನು ಹೂಳಿ ಲವಣದ ನೀರನ್ನು ಬಸಿಯುವ ವಿಧಾನವನ್ನೂ, ಜಿಪ್ಸಂ ಬೆರೆಸುವ, ಸವುಳು ತಾಳುವ ಭತ್ತದ ತಳಿಗಳನ್ನು ಬೆಳೆಯುವ ಕ್ರಮಗಳನ್ನೂ ಪ್ರಚಾರ ಮಾಡಲಾಗಿದೆ. ಕೊಳವೆಗಳಿಂದ ಬಸಿದ ಆ ಉಪ್ಪುನೀರು ಹಳ್ಳಗಳಿಗೆ ಬಿದ್ದು, ಅವುಗಳ ಮೂಲಕ ಹಗರಿ ಮತ್ತು ತುಂಗಭದ್ರೆಯನ್ನು ಸೇರಿ, ಕೆಳಗಿನ ಊರುಗಳ ಪಾಲಾಗುತ್ತದೆ.